ಮೊದ್ಲು ಮುಚ್ಚಳ ನೋಡ್ರಿ!

ಅಕ್ಕಾರ, ಕುಕ್ಕರ್ ಸೀಟಿ ಹೊಡೀಲಿಲ್ಲ ಅಂದ್ರ ನಾವು ಮೊದ್ಲು ಗ್ಯಾಸ್ಕೆಟ್ ನೋಡ್ತೀವಿ, ಹೊಸ ಕುಕ್ಕರ್ ತರಾಕ ಓಡಂಗಿಲ್ಲ. ಕಾರಿನ ವಿಷಯಕ್ಕ ಮಾತ್ರ ಈ ಬುದ್ಧಿ ಯಾಕ ಬಿಟ್ಟುಬಿಡ್ತೀವಿ?

ಹ್ವಾದ ಬ್ಯಾಸಿಗ್ಯಾಗ ಸಂಡೂರಿಗೆ ಹೊಂಟಾಗ ಕಾರ್ ತುಂಬ ಪೆಟ್ರೋಲ್ ವಾಸನಿ. ಹಿಂದ ಕುಂತಿದ್ದ ಮೊಮ್ಮಗಳು ವಾಂತಿ ಮಾಡ್ಕೊಂಡ್ಳು. "ಬಿಸಿಲಿಗೆ ಹಂಗ ಬರ್ತೈತಿ" ಅಂದ್ರು ನಮ್ಮನಿಯವ್ರು. ಹೊಸಪೇಟಿ ಮೆಕ್ಯಾನಿಕ್ ಒಬ್ಬ "ಟ್ಯಾಂಕೇ ಬದಲಿಸ್ಬೇಕು" ಅಂದ. ನಾ ಟ್ಯಾಂಕಿನ ಮುಚ್ಚಳ ತಿರುವಿ ನೋಡಿದ್ರ ಅದರ ರಬ್ಬರ್ ಸೀಳಿತ್ತು! ಹೊಸ ಮುಚ್ಚಳ ಹಾಕಿದ್ವಿ, ವಾಸನಿ ಹೋತು.

ಪೆಟ್ರೋಲಿನ ಆವಿ ಹೊರಗ ಹೋಗಬಾರದು ಅಂತ ಕಾರಿನ್ಯಾಗ ಇದ್ದಿಲಿನ ಡಬ್ಬಿ ಇರ್ತೈತಿ. ಅದು ಆವಿ ಹೀರಿ ಇಟ್ಕೊಂಡು, ಇಂಜಿನ್ ಓಡುವಾಗ ಅದಕ್ಕ ಉಣಿಸ್ತೈತಿ. ಬಂಕಿನ್ಯಾಗ ಪಂಪು 'ಟಕ್' ಅಂತ ನಿಂತ ಮ್ಯಾಲೂ "ರೌಂಡ್ ಫಿಗರ್ ಮಾಡಪ್ಪಾ" ಅಂತ ಹಾಕಿಸಿದ್ರ ಆ ಡಬ್ಬಿಗೇ ಪೆಟ್ರೋಲ್ ನುಗ್ಗಿ ಕೆಡಬಹುದು. ಆ ಚಟ ಬಿಡಿಸ್ರಿ.

ಮುಚ್ಚಳ ಸರಿ ಇದ್ದೂ ವಾಸನಿ ಬಂದ್ರ ಪೈಪು, ಡಬ್ಬಿ, ವಾಲ್ವು ನೋಡಿಸ್ರಿ. ಪೈಪಿನ್ಯಾಗ ಹೊಗಿ ಬಿಟ್ಟು ಸೋರೋ ಜಾಗ ತೋರಿಸು ಅಂತ ಕೇಳ್ರಿ. ತೋರಿಸದ ರೊಕ್ಕ ಕೊಡಬ್ಯಾಡ್ರಿ. ಹನಿ ಬೀಳಾಕತ್ತಿದ್ರಂತೂ ಗಾಡಿ ಚಾಲೂನೇ ಮಾಡಬ್ಯಾಡ್ರಿ.

ಕಾರು ಅವ್ರದಿರಬಹುದು, ಹಿಂದ ಕುಂತ ಕೂಸು ನಮ್ಮದು!