ಮೀನಿನ ತೊಟ್ಟಿಗೂ ಹೆಪ್ಪು ಬೇಕು

ಕಳೆದ ರಜೆಗೆ ಅಮೆರಿಕದ ಸ್ಯಾನ್ ಹೊಸೆಯ ಎವರ್‌ಗ್ರೀನ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ಸೋದರಳಿಯನ ಮುಖ ಬಾಡಿತ್ತು. ಹೊಸ ಗಾಜಿನ ತೊಟ್ಟಿಗೆ ಬಿಟ್ಟ ಮೂರು ಮೀನೂ ವಾರದೊಳಗೆ ಸತ್ತಿದ್ದವು. ನೀರೇನೋ ಕನ್ನಡಿಯಂತೆ ತಿಳಿಯಾಗಿತ್ತು.

ಆದರೆ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ತಾವಾಗಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಬೇಗ ಆಗಬೇಕಾದರೆ ಹಾಲಿಗೆ ಹಾಕುವಂತೆ ಇದಕ್ಕೂ ಹೆಪ್ಪುಂಟು: ಹಳೆಯ ತೊಟ್ಟಿಯ ಫಿಲ್ಟರ್ ಸ್ಪಂಜು. ಪಕ್ಕದ ಮನೆಯವರ ತೊಟ್ಟಿಯ ಮೀನುಗಳಿಗೆ ರೋಗವಿಲ್ಲವೆಂದು ನೋಡಿಕೊಂಡು, ಒಂದು ತುಂಡನ್ನು ಅದೇ ನೀರಿನಲ್ಲಿ ಮುಳುಗಿಸಿ ತಂದೆವು. ತಂಗಿ ನಲ್ಲಿಯಲ್ಲಿ ತೊಳೆಯಲು ಹೊರಟಳು. “ಬೇಡಮ್ಮಾ, ನಲ್ಲಿ ನೀರಿನ ಕ್ಲೋರಮೈನ್ ಹೆಪ್ಪನ್ನೇ ಕೊಲ್ಲುತ್ತೆ” ಎಂದು ತಡೆದೆವು. ತೊಟ್ಟಿಯ ನೀರಿಗೂ ಕಂಡೀಷನರ್ ಹಾಕಿಸಿದೆವು. ದಿನವೂ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಕೊಡುವ ನಾವು ಅಲ್ಲಿ ಅದನ್ನು ಸಾಕಲು ನಿಂತಿದ್ದೆವು!

ಚಿಟಿಕೆ ಮೀನಿನ ಆಹಾರ ಹಾಕಿ ದಿನವೂ ನೀರು ಪರೀಕ್ಷಿಸಿದೆವು. ಅಮೋನಿಯಾ, ನೈಟ್ರೈಟ್ ಎರಡೂ 0 ಆಗಿ ನೈಟ್ರೇಟ್ ಕಾಣಿಸಿದ ಮೇಲೆ ಹುಡುಗ ಎರಡೇ ಮೀನು ಬಿಟ್ಟ. ಬದುಕಿದವು.

ಗಲ್ಫಿಗೆ ಬಂದ ಹೊಸದರಲ್ಲಿ ನಮಗೂ ಹಳಬರ ರೂಮಿನಲ್ಲಿ ಒಂದು ಮಂಚ ಸಿಕ್ಕಿತ್ತು. ಈ ವರ್ಷ ಬಂದವರಿಗೆ ನಾವೇ ಹಳಬರು.