‘ಗುಂಪಲ್ಲಿ ಗೋವಿಂದ’ ಎಂಬ ನಿರೀಕ್ಷಣಾ ಜಾಮೀನು

‘ಉದ್ರಿಕ್ತ ಗುಂಪು ಹಲ್ಲೆ ನಡೆಸಿದೆ.’ ನಮ್ಮ ಪತ್ರಿಕೆಗಳಲ್ಲಿ ಈ ವಾಕ್ಯ ಸದಾ ಸಿದ್ಧವಾಗಿ ಕೂತಿರುತ್ತದೆ. ಊರಿನ ಹೆಸರು ಬದಲಾಗುತ್ತದೆ, ದಿನಾಂಕ ಬದಲಾಗುತ್ತದೆ, ಸತ್ತವರ ಸಂಖ್ಯೆ ಬದಲಾಗುತ್ತದೆ. ಕರ್ತೃಪದ ಮಾತ್ರ ಅದೇ. ಮರುದಿನ ಅಂಕಣಗಳಲ್ಲಿ ‘ಸಮೂಹ ಸನ್ನಿ’ ಎಂಬ ಪದ ಬರುತ್ತದೆ, ‘ಗುಂಪಿಗೆ ತಲೆಯಿಲ್ಲ’ ಎಂಬ ಮಾತು ಬರುತ್ತದೆ. ವಾರ ಕಳೆದ ಮೇಲೆ ಯಾವುದಾದರೂ ವಿಚಾರ ಸಂಕಿರಣದಲ್ಲಿ ಒಬ್ಬರು ಎದ್ದು ಆಶ್, ಮಿಲ್‌ಗ್ರಾಮ್, ಜಿಂಬಾರ್ಡೊ ಎಂಬ ಮೂರು ಹೆಸರು ಹೇಳಿ, ಗುಂಪಿಗೆ ಸೇರಿದ ಮನುಷ್ಯ ತನ್ನ ಬುದ್ಧಿಯನ್ನು ಬಾಗಿಲಲ್ಲೇ ಬಿಟ್ಟು ಬರುತ್ತಾನೆಂದು ಮನಶ್ಶಾಸ್ತ್ರ ಸಾಬೀತು ಮಾಡಿದೆ ಎನ್ನುತ್ತಾರೆ. ಸಭೆ ತಲೆದೂಗುತ್ತದೆ. ಚಹಾ ಬರುತ್ತದೆ.

ನಾನು ಸಾಮಾಜಿಕ ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಹೀಗೆ ತಲೆದೂಗಿದವರಲ್ಲಿ ನಾನೂ ಒಬ್ಬ. ಮೊದಲ ವರ್ಷ ಪದವಿ ತರಗತಿಗೆ ಪಾಠ ಮಾಡಲು ಕಳಿಸಿದಾಗ ನಾನೂ ಇದನ್ನೇ ಹೇಳಿ ಬಂದಿದ್ದೆ. ಆಮೇಲೆ ಮೂಲ ವರದಿಗಳನ್ನು ಕೂತು ಓದಬೇಕಾಯಿತು. ಆ ಪ್ರಯೋಗಗಳು ಹೇಳುವುದು ಇದನ್ನಲ್ಲ. ಅವುಗಳ ಹೆಸರಿನಲ್ಲಿ ನಾವು ಹಂಚುತ್ತಿರುವುದು ‘ಗುಂಪಲ್ಲಿ ಗೋವಿಂದ’ ಎನ್ನುವವರಿಗೆಲ್ಲ ಒಂದು ನಿರೀಕ್ಷಣಾ ಜಾಮೀನು. ಅಪರಾಧಕ್ಕೆ ಮೊದಲೇ ಮಂಜೂರಾದ ಜಾಮೀನು.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರ ವದಂತಿ ದೇಶವೆಲ್ಲ ಹಬ್ಬಿದ್ದ ದಿನಗಳವು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿಯೊಬ್ಬನನ್ನು ಇದೇ ಅನುಮಾನದಲ್ಲಿ ಹೊಡೆದು ಕೊಂದಿದ್ದರು. ಕಾರು ಮುಂದೆ ಹೋಗುವಷ್ಟರಲ್ಲಿ ವಾಟ್ಸಾಪ್ ಸಂದೇಶ ಅದಕ್ಕಿಂತ ಮುಂದೆ ಹೋಗಿತ್ತು. ದಾರಿಗೆ ಅಡ್ಡಗಟ್ಟಿದರು. ಕಾರು ಉರುಳಿತು. ಪೊಲೀಸರು ಬಂದು ತಡೆಯಲು ನೋಡಿ ಅವರೂ ಏಟು ತಿಂದರು. ಒಬ್ಬ ತರುಣ ಎಂಜಿನಿಯರ್ ಅಲ್ಲೇ ಸತ್ತ.

ಇಲ್ಲಿ ‘ಗುಂಪು’ ಏನು ಮಾಡಿತು? ಬಿಡಿಸಿ ನೋಡಿದರೆ ಗುಂಪು ಸಿಗುವುದಿಲ್ಲ, ಕೆಲಸಗಳು ಸಿಗುತ್ತವೆ. ಒಬ್ಬ ಮೊಬೈಲ್ ಎತ್ತಿದ. ಒಬ್ಬ ಸಂದೇಶ ಕಳಿಸಿದ. ಒಬ್ಬ ಅದನ್ನು ಓದಿ ಪಕ್ಕದವನಿಗೆ ತೋರಿಸಿದ. ಕೆಲವರು ರಸ್ತೆಗೆ ನಡೆದು ಹೋಗಿ ಅಡ್ಡ ನಿಂತರು. ಪ್ರತಿಯೊಂದಕ್ಕೂ ಕೈ ಬೇಕು, ಕಣ್ಣು ಬೇಕು, ಒಂದಿಷ್ಟು ನಿಮಿಷಗಳು ಬೇಕು. ಮೈಮೇಲೆ ದೇವರು ಬಂದವರು ನೆಟ್‌ವರ್ಕ್ ಇದೆಯೇ ಎಂದು ನೋಡಿಕೊಳ್ಳುವುದಿಲ್ಲ.

ಹಾಗಾದರೆ ‘ತಲೆಯಿಲ್ಲದ ಗುಂಪು’ ಎಲ್ಲಿಂದ ಬಂತು? 1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಬಾನ್ ಬರೆದ ಪುಸ್ತಕದಿಂದ. ಗುಂಪಿನಲ್ಲಿ ಸೇರಿದೊಡನೆ ಮನುಷ್ಯ ನಾಗರಿಕತೆಯ ಏಣಿಯಲ್ಲಿ ಹಲವು ಮೆಟ್ಟಿಲು ಕೆಳಗಿಳಿಯುತ್ತಾನೆ ಎಂಬುದು ಅವನ ವಾದ. ಆ ಏಣಿಯ ಕೆಳಮೆಟ್ಟಿಲುಗಳಲ್ಲಿ ಅವನು ಯಾರನ್ನು ಕೂರಿಸಿದ್ದ ಎಂದು ನೋಡಿ: ಹೆಂಗಸರು, ಮಕ್ಕಳು, ‘ಅನಾಗರಿಕರು’. ಲೆ ಬಾನ್ 1871ರ ಪ್ಯಾರಿಸ್ ಕಮ್ಯೂನನ್ನು ಕಣ್ಣಾರೆ ಕಂಡವನು. ಬೀದಿಗಿಳಿದ ಕೂಲಿಕಾರರನ್ನು ಕಂಡರೆ ಅವನ ವರ್ಗದವರಿಗೆ ನಡುಕ. ಆ ಜನರ ಬೇಡಿಕೆಗೆ ಉತ್ತರ ಕೊಡುವುದಕ್ಕಿಂತ ಅವರಿಗೆ ಬುದ್ಧಿಯೇ ಇಲ್ಲವೆನ್ನುವುದು ಸುಲಭವಾಗಿತ್ತು. ಮೇಲಿನವರ ಭಯಕ್ಕೆ ಶಾಸ್ತ್ರದ ಅಂಗಿ ತೊಡಿಸಿದ ಆ ಪುಸ್ತಕದ ಮಾತನ್ನೇ ನಾವಿಂದು, ಬಹಳ ಪ್ರಗತಿಪರರಾಗಿ, ಕನ್ನಡದಲ್ಲಿ ಹೇಳುತ್ತಿದ್ದೇವೆ.

1980ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಗಲಭೆಯಾಯಿತು. ಆಗಿನ್ನೂ ಎಳೆಯ ಸಂಶೋಧಕನಾಗಿದ್ದ ಸ್ಟೀಫನ್ ರೈಕರ್ ಅದನ್ನು ಅಧ್ಯಯನ ಮಾಡಿದರು. ಅವರು ಕಂಡದ್ದು ಸನ್ನಿಯಲ್ಲ, ಮಿತಿ. ಕಲ್ಲು ಬಿದ್ದದ್ದು ಮುಖ್ಯವಾಗಿ ಪೊಲೀಸರ ಮೇಲೆ. ನೆರೆಹೊರೆಯವರ ಮನೆಗಳ ಮೇಲಲ್ಲ. ಬಡಾವಣೆಯ ಎಲ್ಲೆ ದಾಟಿ ಗಲಭೆ ಹರಡಲಿಲ್ಲ. ಆ ಜನ ತಮ್ಮನ್ನು ‘ಸೇಂಟ್ ಪಾಲ್ಸ್‌ನವರು’ ಎಂದುಕೊಂಡಿದ್ದರು. ಆ ಗುರುತಿಗೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಲೆಕ್ಕ ಗಲಾಟೆಯ ನಡುವೆಯೂ ನಡೆದಿತ್ತು. ಗುಂಪಿನಲ್ಲಿ ‘ನಾನು’ ಮಾಯವಾಗುವುದಿಲ್ಲ. ‘ನಾನು’ ಇದ್ದ ಜಾಗಕ್ಕೆ ‘ನಾವು’ ಬರುತ್ತದೆ. ಆ ‘ನಾವು’ ಯಾರು, ಅದನ್ನು ಯಾರು, ಎಷ್ಟು ವರ್ಷದಿಂದ ಕಟ್ಟಿದರು ಎಂಬುದೇ ಕೇಳಬೇಕಾದ ಪ್ರಶ್ನೆ. ‘ಸನ್ನಿ’ ಎಂದ ತಕ್ಷಣ ಆ ಪ್ರಶ್ನೆ ಮುಚ್ಚಿಹೋಗುತ್ತದೆ.

ಇನ್ನು ಆ ಮೂರು ಹೆಸರುಗಳಿಗೆ ಬರೋಣ.

ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗ ಸರಳವಾದದ್ದು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟೇ ಉದ್ದವಿದೆ ಎಂದು ಹೇಳಬೇಕು. ಕೋಣೆಯಲ್ಲಿರುವವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರು. ಬೇಕೆಂದೇ ತಪ್ಪು ಉತ್ತರ ಹೇಳುತ್ತಾರೆ. ಆ ಒಬ್ಬ ಏನು ಮಾಡುತ್ತಾನೆ? ‘ಎಲ್ಲರ ಜೊತೆ ತಪ್ಪೇ ಹೇಳುತ್ತಾನೆ’ ಎಂದು ನಮ್ಮ ಪಾಠ. ಅಂಕಿ ಹೇಳುವುದು ಬೇರೆ. ಇಂಥ ಸುತ್ತುಗಳಲ್ಲಿ ಗುಂಪಿನ ತಪ್ಪಿಗೆ ಜೋತುಬಿದ್ದ ಉತ್ತರಗಳು ಸುಮಾರು 37 ಪ್ರತಿಶತ. ಉಳಿದ ಸುಮಾರು 63 ಪ್ರತಿಶತ ಉತ್ತರಗಳಲ್ಲಿ ಜನ ತಮ್ಮ ಕಣ್ಣನ್ನೇ ನಂಬಿದರು. ಸುಮಾರು ಕಾಲುಭಾಗ ಮಂದಿ ಒಮ್ಮೆಯೂ ಬಗ್ಗಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಮುಂದಿನ ಪ್ರಯೋಗದಲ್ಲಿದೆ. ಸರಿ ಉತ್ತರ ಹೇಳುವ ಇನ್ನೊಬ್ಬನನ್ನು, ಒಬ್ಬನೇ ಒಬ್ಬನನ್ನು, ಆ ಕೋಣೆಯಲ್ಲಿ ಕೂರಿಸಿದಾಗ ಬಹುಮತದ ಒತ್ತಡ ಕಾಲುಭಾಗಕ್ಕೆ ಇಳಿಯಿತು.

ಈ ಅಂಕಿ ನನಗೆ ಬರಿ ಅಂಕಿಯಲ್ಲ. ಕೆಲವು ಸಮಯದ ಹಿಂದೆ ಸಂಶೋಧನಾ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನಮ್ಮ ಜೊತೆಗಾತಿಯೊಬ್ಬರು ಎದ್ದುನಿಂತು ತಿಂಗಳುಗಟ್ಟಲೆ ಬಾರದ ಫೆಲೋಶಿಪ್ ಹಣದ ಬಗ್ಗೆ ಕೇಳಿದರು. ಮೇಜಿನ ಆ ಬದಿಯಿಂದ ಪ್ರಶ್ನೆ ಬಂತು: “ಬೇರೆ ಯಾರಿಗಾದರೂ ಈ ಸಮಸ್ಯೆ ಇದೆಯಾ?” ಅಲ್ಲಿದ್ದ ಉಳಿದ ಆರು ಜನಕ್ಕೂ ಇತ್ತು. ಆರೂ ಜನ ನೋಟ್‌ಬುಕ್ ನೋಡುತ್ತ ಕೂತೆವು. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ಒಬ್ಬೊಬ್ಬರಾಗಿ ಹೋಗಿ, “ಮೇಡಂ, ನೀವು ಕೇಳಿದ್ದು ಸರಿ” ಎಂದೆವು. “ಅದನ್ನ ಒಳಗೆ ಹೇಳಬೇಕಿತ್ತು” ಎಂದಷ್ಟೇ ಹೇಳಿ ಆಕೆ ಹೋದರು. ಆಶ್ ಪ್ರಯೋಗವನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೆ. ಎರಡನೆಯವನಾಗಿ ಎದ್ದರೆ ಸಾಕಿತ್ತೆಂದು ಗೊತ್ತಿದ್ದೂ ಕೂತವನು ನಾನು. ಅದನ್ನು ಗುಂಪಿನ ಪ್ರಭಾವ ಎಂದು ಕರೆದುಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಮಿಲ್‌ಗ್ರಾಮ್ ಕತೆಯೂ ಹೀಗೆಯೇ ಅರ್ಧಕ್ಕೆ ನಿಂತಿದೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಆ ಪ್ರಯೋಗಗಳ ಪ್ರಸಿದ್ಧ ಸಂಖ್ಯೆ 65 ಪ್ರತಿಶತ. 40 ಮಂದಿಯಲ್ಲಿ 26 ಮಂದಿ, ಎದುರಿನ ಅಧಿಕಾರಿಯ ಮಾತು ಕೇಳಿ, ಪಕ್ಕದ ಕೋಣೆಯವನಿಗೆ 450 ವೋಲ್ಟ್‌ವರೆಗೂ ಶಾಕ್ ಕೊಡುತ್ತಿದ್ದೇವೆಂದೇ ನಂಬಿ ಗುಂಡಿ ಒತ್ತಿದರು. ಇಷ್ಟು ಎಲ್ಲರಿಗೂ ಗೊತ್ತು. ಇನ್ನೊಂದು ಆವೃತ್ತಿಯಲ್ಲಿ ಜೊತೆಯ ಇಬ್ಬರು ನಡುವೆಯೇ ಎದ್ದು ‘ನಾವು ಒಲ್ಲೆವು’ ಎಂದರು. ಆಗ ಕೊನೆಯವರೆಗೂ ಹೋದವರು 40ರಲ್ಲಿ ನಾಲ್ವರು. ಮತ್ತೊಂದರಲ್ಲಿ ಗುಂಡಿ ಒತ್ತುವ ಕೆಲಸ ಬೇರೊಬ್ಬನದು. ಬಂದವರು ಪಕ್ಕದ ಚಿಕ್ಕಪುಟ್ಟ ಕೆಲಸವಷ್ಟೇ ಮಾಡಬೇಕು. ಆಗ 40ರಲ್ಲಿ 37 ಮಂದಿ ಕೊನೆಯವರೆಗೂ ಸುಮ್ಮನೆ ಸಹಕರಿಸಿದರು.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಮುರ್ಕಿಗೆ ಮರಳಿ ಹೋಗಿ. ‘ನಾನು ಹೊಡೆದಿಲ್ಲ, ಮೆಸೇಜ್ ಫಾರ್ವರ್ಡ್ ಮಾಡಿದೆ ಅಷ್ಟೆ’ ಎನ್ನುವವನು ಆ 37 ಮಂದಿಯಲ್ಲಿ ಒಬ್ಬ. ಆ ಕೊಲೆಯಾದ ಒಂದು ವಾರದಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಬೆರಳಿನ ಆ ಸಣ್ಣ ಕೆಲಸವೂ ಕೆಲಸವೇ ಎಂದು ಒಂದು ವ್ಯಾಪಾರಿ ಕಂಪನಿಗೆ ಹೊಳೆಯಿತು. ನಮ್ಮ ಅಂಕಣಕಾರರಿಗೆ ಇನ್ನೂ ಹೊಳೆದಿಲ್ಲ.

ಜಿಂಬಾರ್ಡೊ ವಿಷಯದಲ್ಲಂತೂ ನಾವು ಪಾಠವನ್ನೇ ತಿದ್ದಿ ಬರೆಯಬೇಕಿದೆ. 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಗಳನ್ನು ಕೈದಿ ಮತ್ತು ಕಾವಲುಗಾರರೆಂದು ಹಂಚಿದಾಗ ಕಾವಲುಗಾರರು ತಾವಾಗಿಯೇ ಕ್ರೂರಿಗಳಾದರು, ಎರಡು ವಾರದ ಪ್ರಯೋಗವನ್ನು ಆರು ದಿನಕ್ಕೇ ನಿಲ್ಲಿಸಬೇಕಾಯಿತು ಎನ್ನುತ್ತೇವೆ. ಫ್ರಾನ್ಸಿನ ತಿಬೊ ಲೆ ತೆಕ್ಸಿಯೆ ಹಳೆಯ ಧ್ವನಿಮುದ್ರಿಕೆ, ದಾಖಲೆಗಳನ್ನು ಹುಡುಕಿ 2018–19ರಲ್ಲಿ ತೋರಿಸಿದ್ದೇನೆಂದರೆ, ಹೇಗೆ ನಡೆದುಕೊಳ್ಳಬೇಕೆಂದು ಕಾವಲುಗಾರರಿಗೆ ಮೊದಲೇ ಸೂಚನೆಗಳಿದ್ದವು. ಅಷ್ಟಾದರೂ ಎಲ್ಲ ಕಾವಲುಗಾರರೂ ಕ್ರೂರಿಗಳಾಗಲಿಲ್ಲ. ಕೈದಿಗಳನ್ನು ಕರುಣೆಯಿಂದ ಕಂಡವರೂ ಇದ್ದರು. ‘ಪರಿಸ್ಥಿತಿಯೇ ಮಾಡಿಸಿತು’ ಎಂಬ ಆ ವಾದ 2004ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಕೈದಿಗಳನ್ನು ಹಿಂಸಿಸಿದ ಅಮೆರಿಕದ ಸೈನಿಕನೊಬ್ಬನ ಪರವಾಗಿ ಜಿಂಬಾರ್ಡೊ ತಜ್ಞ ಸಾಕ್ಷಿಯಾದರು. ನಾನು ಜಾಮೀನು ಎಂದದ್ದು ಅಲಂಕಾರಕ್ಕಲ್ಲ.

‘ಹಾಗಾದರೆ ಗುಂಪಿನ ಪ್ರಭಾವವೇ ಇಲ್ಲವೇ?’ ಎಂದು ನೀವು ಕೇಳಬಹುದು. ಇದೆ. ಆಶ್ ಕೋಣೆಯ 37 ಪ್ರತಿಶತ ಸಣ್ಣ ಸಂಖ್ಯೆಯಲ್ಲ. ಲಟಾನೆ ಮತ್ತು ಡಾರ್ಲಿ 1968ರಲ್ಲಿ ತೋರಿಸಿದಂತೆ, ಪಕ್ಕದ ಕೋಣೆಯಲ್ಲಿ ಯಾರಿಗೋ ಮೂರ್ಛೆ ಬಂದಂತೆ ಕೇಳಿಸಿದಾಗ, ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ 85 ಪ್ರತಿಶತ ಜನ ನೆರವಿಗೆ ಧಾವಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ 31 ಪ್ರತಿಶತ. ಒತ್ತಡ ನಿಜ. ಆದರೆ ಒತ್ತಡವಿದೆ ಎನ್ನುವುದು ಬೇರೆ, ದಾರಿಯೇ ಇರಲಿಲ್ಲ ಎನ್ನುವುದು ಬೇರೆ. ಆ ಅಧ್ಯಯನಕ್ಕೆ ಪ್ರೇರಣೆಯಾದ ಕತೆಯನ್ನೇ ನೋಡಿ. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬಾಕೆಯ ಕೊಲೆಯನ್ನು 38 ಜನ ಸುಮ್ಮನೆ ನೋಡಿದರೆಂದು ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ಆ ವರದಿ ತಪ್ಪುಗಳಿಂದ ಕೂಡಿತ್ತೆಂದು 2016ರಲ್ಲಿ ಅದೇ ಪತ್ರಿಕೆ ಒಪ್ಪಿಕೊಂಡಿತು. ನೆರೆಯ ಹೆಂಗಸೊಬ್ಬಳು ಓಡಿಹೋಗಿ ಸಾಯುತ್ತಿದ್ದ ಆಕೆಯನ್ನು ತೋಳಲ್ಲಿ ಹಿಡಿದಿದ್ದಳು. ಅರ್ಧ ಶತಮಾನ ಪಠ್ಯಪುಸ್ತಕಗಳು ಮೂವತ್ತೆಂಟು ಹೇಡಿಗಳ ಕತೆ ಹೇಳಿದವು. ಹೊರಗೆ ಬಂದ ಆ ಒಬ್ಬಳ ಕತೆ ಹೇಳಲಿಲ್ಲ.

ಪ್ರಯೋಗಾಲಯದ ಹೊರಗೆ ಏನಾಗುತ್ತದೆ? ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ದಾಖಲಾದ 219 ಬೀದಿ ಜಗಳಗಳನ್ನು ಸಂಶೋಧಕರು ನೋಡಿ 2019ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಸುತ್ತ ಜನ ಹೆಚ್ಚಿದ್ದಷ್ಟೂ ಯಾರಾದರೂ ಬಿಡಿಸಲು ಬರುವ ಸಾಧ್ಯತೆ ಹೆಚ್ಚಿತ್ತು.

ನಮ್ಮದೇ ನೆಲದಲ್ಲೂ ಗುಂಪು ಎಂದರೆ ಮುರ್ಕಿಯೊಂದೇ ಅಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಅದೂ ಗುಂಪೇ. ಒಬ್ಬರನ್ನು ನೋಡಿ ಇನ್ನೊಬ್ಬರು ಹೋದದ್ದೂ ಉಂಟು. ಅವರನ್ನು ಯಾರೂ ‘ಸಮೂಹ ಸನ್ನಿ’ ಎನ್ನುವುದಿಲ್ಲ. ‘ಅಪ್ಪಿಕೋ ಚಳವಳಿ’ ಎನ್ನುತ್ತೇವೆ. ಒಳ್ಳೆಯದಾದರೆ ಚಳವಳಿ, ಅದಕ್ಕೆ ಮುಂದಾಳುಗಳ ಹೆಸರಿದೆ, ಬೆಳ್ಳಿಹಬ್ಬವಿದೆ. ಕೆಟ್ಟದ್ದಾದರೆ ಗುಂಪು, ಅದಕ್ಕೆ ಯಾರ ಹೆಸರೂ ಇಲ್ಲ. ಮೆಚ್ಚುಗೆಯನ್ನು ಹೆಸರು ಹೇಳಿ ಹಂಚುತ್ತೇವೆ, ಪಾಪವನ್ನು ಊರ ತಿಪ್ಪೆಗೆ ಸುರಿಯುತ್ತೇವೆ.

ಸಾಹಿತ್ಯದ ಗೆಳೆಯರಿಗೆ, ನನ್ನ ಸಹಪಾಠಿಗಳಿಗೆ ನನ್ನ ಕೋರಿಕೆ ಸಣ್ಣದು. ‘ಗುಂಪು ಕೊಂದಿತು’ ಎಂದು ಬರೆಯುವ ಮೊದಲು ಕರೆದವರು ಯಾರು, ಕಳಿಸಿದವರು ಯಾರು, ಅಡ್ಡಗಟ್ಟಿದವರು ಯಾರು, ತಡೆಯಲು ಹೋಗಿ ಏಟು ತಿಂದವರು ಯಾರು ಎಂದು ಬೇರೆ ಬೇರೆಯಾಗಿ ಬರೆಯಿರಿ. ಆಶ್ ಪಾಠ ಮಾಡುವಾಗ 37 ಹೇಳಿ ನಿಲ್ಲಿಸಬೇಡಿ, ಎರಡನೆಯವನು ಬಂದಾಗ ಏನಾಯಿತೆಂಬುದನ್ನೂ ಹೇಳಿ. ತರಗತಿಯಲ್ಲಿ ಕೂತಿರುವ ಹುಡುಗ ಹುಡುಗಿಯರು ನಾಳೆ ಇಂಥದೇ ಯಾವುದೋ ಕೋಣೆಯಲ್ಲಿ, ಯಾವುದೋ ರಸ್ತೆಯಲ್ಲಿ ನಿಂತಿರುತ್ತಾರೆ. ‘ನಿಮ್ಮ ಕೈಲಿ ಏನೂ ಆಗುವುದಿಲ್ಲ’ ಎಂದು ಶಾಸ್ತ್ರದ ಹೆಸರಿನಲ್ಲಿ ಹೇಳಿ ಅವರನ್ನು ಕಳಿಸುವ ಹಕ್ಕು ನಮಗಿಲ್ಲ.

ನಮ್ಮ ಜೊತೆಗಾತಿ ಮುಂದಿನ ಸಭೆಯಲ್ಲಿ ಮತ್ತೆ ಕೇಳುವೆ ಎಂದಿದ್ದಾರೆ. ಈ ಸಲ ನೋಟ್‌ಬುಕ್ ಒಯ್ಯುವುದಿಲ್ಲವೆಂದು ಅವರಿಗೆ ಹೇಳಿದ್ದೇನೆ.