ಕಲ್ಲು ಓದಿದವರಿಗೆ ಕೆಲಸ ಇದೆ, ದಾರಿ ಹೇಳುವವರಿಲ್ಲ

ಕಳೆದ ವಾರ ಅಕ್ಕನ ಮಗಳು ಫೋನ್ ಮಾಡಿದ್ದಳು. ಪಿಯುಸಿ ಸೈನ್ಸ್ ಮುಗಿದಿದೆ, ಎಂಜಿನಿಯರಿಂಗ್ ಬೇಡವಂತೆ. "ಮಾಮ, ನೀನು ಓದಿದ್ದು ಜಿಯಾಲಜಿ ಅಲ್ವಾ? ಅದನ್ನ ಓದಿದ್ರೆ ಕೆಲಸ ಸಿಗತ್ತಾ?" ಅಂದಳು. ಹಿಂದಿನಿಂದ ಅಕ್ಕನ ದನಿ: "ಕಲ್ಲು ಒಡೆಯೋಕೂ ಡಿಗ್ರಿ ಬೇಕಾ ಅಂತ ಕೇಳು ಅವನನ್ನ."

ನಕ್ಕುಬಿಟ್ಟೆ. ಆದರೆ ಇದು ನಕ್ಕು ಬಿಡುವ ವಿಚಾರವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದವು. ಅದೇ ವರ್ಷ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಜಾರಿತು. ಯಾವ ಇಳಿಜಾರನ್ನು ಎಷ್ಟು ಕಡಿಯಬಹುದು, ಯಾವ ಬಂಡೆಯ ಬಿರುಕಿನಲ್ಲಿ ನೀರು ನಿಲ್ಲುತ್ತದೆ ಎಂದು ಹೇಳಬೇಕಾದವರು ಭೂವಿಜ್ಞಾನಿಗಳು. ನಮಗೆ ಅವರ ನೆನಪಾಗುವುದು ಅನಾಹುತ ಆದ ಮೇಲೆ. ಬೋರ್ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರನ್ನೇ ಕರೀತೀವಿ.

ಹಾಗಾದರೆ ಓದಿದವರಿಗೆ ದಾರಿ ಯಾವುದು? ಬಿಎಸ್ಸಿ ಬರೀ ಹೊಸ್ತಿಲು. ಒಳಗೆ ಹೋಗಬೇಕಾದರೆ ಎಂಎಸ್ಸಿ ಬೇಕು. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಓದಬಹುದು. ಐಐಟಿಗೆ ಹೋಗುವವರು ಜ್ಯಾಮ್ ಪರೀಕ್ಷೆ ಬರೆಯಬೇಕು. ಆಮೇಲಿನ ದೊಡ್ಡ ಬಾಗಿಲು ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ, ಮೂರೂ ದಾಟಿದರೆ 1851ರಿಂದ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲೋ ಕೇಂದ್ರೀಯ ಅಂತರ್ಜಲ ಮಂಡಳಿಯಲ್ಲೋ ಹುದ್ದೆ. ಗೇಟ್ ಬರೆದು ಸಂಶೋಧನೆಗೂ ಹೋಗಬಹುದು. ಹಟ್ಟಿಯ ಚಿನ್ನದ ಗಣಿ, ಬಳ್ಳಾರಿ ಸೀಮೆಯ ಅದಿರಿನ ಗಣಿಗಳಿಗೂ ಜಿಯಾಲಜಿಸ್ಟ್ ಬೇಕೇ ಬೇಕು.

"ಹುಡುಗಿ ಗಣಿಗೆ ಇಳೀತಾಳಾ?" ಎಂದು ಅಕ್ಕ ಕೇಳಿದ್ದಕ್ಕೂ ಕಾರಣವಿದೆ. 2019ರವರೆಗೆ ನೆಲದಡಿಯ ಗಣಿಯಲ್ಲಿ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕಾನೂನೇ ಬಿಡುತ್ತಿರಲಿಲ್ಲ. ಆ ವರ್ಷದಿಂದ ತಾಂತ್ರಿಕ, ಮೇಲ್ವಿಚಾರಣೆಯ ಹುದ್ದೆಗಳು ಅವರಿಗೂ ತೆರೆದಿವೆ.

ಇಷ್ಟೆಲ್ಲ ಇದ್ದೂ ನಾನು ಎಡವಿದ್ದು ಎಲ್ಲಿ ಅಂತ ಹೇಳಲೇಬೇಕು. ಯುಪಿಎಸ್‌ಸಿ ಪರೀಕ್ಷೆಯ ಸುದ್ದಿ ನನ್ನ ಕಿವಿಗೆ ಬಿದ್ದಿದ್ದೇ ಎಂಎಸ್ಸಿಯ ಕೊನೇ ಸೆಮಿಸ್ಟರ್‌ನಲ್ಲಿ, ಅದೂ ಹಾಸ್ಟೆಲ್ಲಿನ ಸೀನಿಯರ್ ಒಬ್ಬರಿಂದ. ಬರೆದೆ, ಮೇನ್ಸ್‌ನಲ್ಲಿ ಸೋತೆ. ಬಿಎಸ್ಸಿಯಲ್ಲಿ ಫೀಲ್ಡ್ ವರ್ಕ್ ಅಂದರೆ ಎರಡು ದಿನದ ಬಸ್ ಪ್ರವಾಸ, ಒಂದು ಗ್ರೂಪ್ ಫೋಟೋ. ಬಂಡೆಯ ಪದರ ಎತ್ತ ವಾಲಿದೆ ಎಂದು ದಿಕ್ಸೂಚಿ ಹಿಡಿದು ಅಳೆಯುವುದನ್ನು ಸರಿಯಾಗಿ ಕಲಿತದ್ದು ಅಂತರ್ಜಲ ಸರ್ವೆಯ ಖಾಸಗಿ ಕೆಲಸಕ್ಕೆ ಸೇರಿದ ಮೇಲೆ. ಇವತ್ತಿಗೂ ಅದೇ ನನ್ನ ಅನ್ನ.

ದುಡ್ಡಿಲ್ಲ ಅನ್ನುವ ಕಾಲವೂ ಇದಲ್ಲ. 2025ರ ಜನವರಿಯಲ್ಲಿ ಕೇಂದ್ರ ಸಂಪುಟ 16,300 ಕೋಟಿ ರೂಪಾಯಿ ವೆಚ್ಚದ ನಿರ್ಣಾಯಕ ಖನಿಜಗಳ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಖನಿಜ ಹುಡುಕುವವರು ಮಾತ್ರ ಮಿಷನ್ನಿನ ಕಡತದಿಂದ ಎದ್ದು ಬರುವುದಿಲ್ಲ, ಡಿಗ್ರಿ ಕಾಲೇಜಿನ ತರಗತಿಯಿಂದ ಬರಬೇಕು. ಅಲ್ಲಿ ಫೀಲ್ಡ್ ವರ್ಕ್‌ಗೆ ದುಡ್ಡು ಕೊಡಬೇಕು, ಮೊದಲ ವರ್ಷವೇ ಈ ಪರೀಕ್ಷೆಗಳ ದಾರಿ ತೋರಿಸಬೇಕು. ಮಲೆನಾಡು, ಕರಾವಳಿಯ ಪ್ರತಿ ತಾಲ್ಲೂಕಿಗೆ ಒಬ್ಬ ಭೂವಿಜ್ಞಾನಿಯನ್ನು ನೇಮಿಸಿ, ಗುಡ್ಡ ಕಡಿಯುವ ಮುಂಚೆ ಅವರ ಸಹಿ ಕಡ್ಡಾಯ ಮಾಡಬೇಕು. ಆಗ ಕೆಲಸವೂ ಹುಟ್ಟುತ್ತದೆ, ಜೀವವೂ ಉಳಿಯುತ್ತದೆ.

ಅಕ್ಕನ ಮಗಳಿಗೆ ಸೇರು ಅಂದೆ. ಜೊತೆಗೆ ಇದನ್ನೂ ಹೇಳಿದೆ: "ಫೀಸ್ ಎಷ್ಟು ಅಂತ ಆಮೇಲೆ ಕೇಳು. ವರ್ಷಕ್ಕೆ ಎಷ್ಟು ದಿನ ಫೀಲ್ಡಿಗೆ ಕರ್ಕೊಂಡು ಹೋಗ್ತೀರಿ ಅಂತ ಮೊದಲು ಕೇಳು."